ರೇಷ್ಮೆ ಸೀರೆ ಸುಟ್ಟು ನೋಡುವಾಗ ಹೊಕ್ಕಿನ ಎಳೆಯನ್ನೂ ಸುಡಿ

ಮೊಳಕಾಲ್ಮೂರು ಸೀರೆ ಅಪ್ಪಟ ರೇಷ್ಮೆಯೇ ಅಂತ ನೋಡೋಕೆ ಸೆರಗಿನ ಕುಚ್ಚಿನ ಎಳೆ ಸುಟ್ಟರೆ ಸಾಲದು. ಬ್ಲೌಸ್ ಪೀಸಿನ ಕತ್ತರಿಸಿದ ತುದಿಯಿಂದ ಅಡ್ಡ ಎಳೆ, ಅಂದರೆ ಹೊಕ್ಕು, ಒಂದನ್ನು ಎಳೆದು, ಚಿಮಟದಲ್ಲಿ ಹಿಡಿದು ಅದನ್ನೂ ಸುಡಿ (ಅಂಗಡಿಯವರನ್ನು ಕೇಳಿಯೇ!). ಕುಚ್ಚಿನಲ್ಲಿರೋದು ಬರೀ ಹಾಸು, ಅಂದರೆ ಉದ್ದದ ಎಳೆ. ಹೊಕ್ಕಿನಲ್ಲಿ ಪಾಲಿಯೆಸ್ಟರ್ ಸೇರಿಸಿದ್ದರೆ ಕುಚ್ಚು ಬಾಯಿ ಬಿಡಲ್ಲ. ರೇಷ್ಮೆಯೂ ನಮ್ಮ ಕೂದಲಿನ ಹಾಗೆ ಪ್ರೋಟೀನ್. ಹಾಗಾಗಿ ಸುಟ್ಟ ಕೂದಲಿನದೇ ವಾಸನೆ, ಬೆಂಕಿಯಿಂದ ತೆಗೆದರೆ ತಾನೇ ಆರುತ್ತೆ, ತುದಿಯ ಕರಿ ಉಜ್ಜಿದರೆ ಪುಡಿಪುಡಿ. ಪಾಲಿಯೆಸ್ಟರ್ ಕರಗಿ ಸಾಸಿವೆಯಂಥ ಗಟ್ಟಿ ಮಣಿಯಾಗುತ್ತೆ, ಉಗುರಲ್ಲಿ ಒತ್ತಿದರೂ ಒಡೆಯಲ್ಲ. ಸೋಫಾ ಮೇಲೆ ಹಾಸೋಕೆ ಚಳ್ಳಕೆರೆ ಕಂಬಳಿ ತಗೊಳ್ಳೋರಿಗೂ ಇದೇ ಪರೀಕ್ಷೆ, ಉಣ್ಣೆಯೂ ಪ್ರೋಟೀನೇ. ಒಂದೇ ಎಳೆಯಲ್ಲಿ ಎರಡು ನೂಲು ಹೊಸೆದಿದ್ದರೆ ಮಾತ್ರ ವಾಸನೆ ನಂಬಬೇಡಿ, ಕರಿಯಲ್ಲಿ ಗಟ್ಟಿ ಕಾಳು ಸಿಗುತ್ತಾ ನೋಡಿ. ಜರಿ ಅಸಲಿಯೋ ಅನ್ನೋದು ಇದರಿಂದ ಗೊತ್ತಾಗಲ್ಲ. ಕೈಮಗ್ಗವೋ ಪವರ್‌ಲೂಮೋ ಅನ್ನೋದೂ ಅಷ್ಟೇ, ಎರಡರಲ್ಲೂ ರೇಷ್ಮೆ ರೇಷ್ಮೆಯೇ. ಕೈಮಗ್ಗದ ನೇಯ್ಗೆ ಅಂತ ಹೆಚ್ಚು ದುಡ್ಡು ಕೊಡುವಾಗ ಸಿಲ್ಕ್ ಮಾರ್ಕ್ ಒಂದನ್ನೇ ನೋಡಿ ಸುಮ್ಮನಾಗಬೇಡಿ, ಅದು ನೂಲು ಅಪ್ಪಟ ರೇಷ್ಮೆ ಅನ್ನೋದಕ್ಕೆ ಮಾತ್ರ. ಕೈಮಗ್ಗದ್ದೇ ಅಂತ ಹೇಳುವ ಹ್ಯಾಂಡ್‌ಲೂಮ್ ಮಾರ್ಕ್ ಚೀಟಿಯನ್ನೂ ಕೇಳಿ.