ಗಾಳಿ ಬೀಸಿದಾಗ ಗ್ಯಾಸ್ ಎಷ್ಟು ಉಳಿಯಿತು? ಕರ್ನಾಟಕದ ಗ್ರಿಡ್ ಅಂಕಿಗಳಿಂದ ಲೆಕ್ಕ ಹಾಕುವ ಬಗೆ

ಚಿತ್ರದುರ್ಗದಲ್ಲೋ ಗದಗದಲ್ಲೋ ಗಾಳಿಯಂತ್ರ ತಿರುಗಿದರೆ ಅಷ್ಟೂ ನೈಸರ್ಗಿಕ ಅನಿಲ ಉಳಿಯಿತು ಎನ್ನುವವರಿದ್ದಾರೆ. ಗಾಳಿ ಯಾವಾಗ ನಿಲ್ಲುತ್ತದೋ ಗೊತ್ತಿಲ್ಲ, ಅದಕ್ಕಾಗಿ ಗ್ಯಾಸ್ ಸ್ಥಾವರ ಉರಿಯುತ್ತಲೇ ಇರಬೇಕು, ಹಾಗಾಗಿ ಏನೂ ಉಳಿಯದು ಎನ್ನುವವರೂ ಇದ್ದಾರೆ. ಇಬ್ಬರ ಮಾತನ್ನೂ ಅಂಕಿಗಳ ಎದುರು ಇಟ್ಟು ನೋಡಬಹುದು. ಬೇಕಾದ್ದು ಒಂದು ಎಕ್ಸೆಲ್ ಹಾಳೆ, ಮೂರು ವಾರ ದಿನಕ್ಕೆರಡು ಸಲ ಅಂಕಿ ಬರೆದಿಡುವ ಶಿಸ್ತು.

ಮೊದಲು ಪ್ರಶ್ನೆಯನ್ನು ಎರಡು ಮಾಡಿ

ಎಷ್ಟು ಘನ ಮೀಟರ್ ಅನಿಲ ಉರಿಯಿತು ಎಂಬುದು ಒಂದು ಪ್ರಶ್ನೆ. ಗಾಳಿ ಇಲ್ಲದ ಸಂಜೆಗೆ ಎಷ್ಟು ಮೆಗಾವ್ಯಾಟ್ ಸ್ಥಾವರ ಸಿದ್ಧವಿರಬೇಕು ಎಂಬುದು ಇನ್ನೊಂದು. ಪವನ ವಿದ್ಯುತ್ ಮೊದಲನೆಯದನ್ನು ಖಂಡಿತ ಇಳಿಸುತ್ತದೆ. ಎರಡನೆಯದನ್ನು ಬಹಳ ಕಡಿಮೆ ಇಳಿಸುತ್ತದೆ. ಈ ವಿಷಯದ ಜಗಳಗಳಲ್ಲಿ ಹೆಚ್ಚಿನವು ಒಬ್ಬರು ಇಂಧನದ ಬಗ್ಗೆ, ಇನ್ನೊಬ್ಬರು ಸಾಮರ್ಥ್ಯದ ಬಗ್ಗೆ ಮಾತಾಡುವುದರಿಂದಲೇ ಹುಟ್ಟುತ್ತವೆ. ಹಾಳೆಯಲ್ಲಿ ಎರಡಕ್ಕೂ ಬೇರೆ ಬೇರೆ ಪುಟ ಮಾಡಿಕೊಳ್ಳಿ.

ಅಂಕಿ ಸಂಗ್ರಹ

ಬೆಂಗಳೂರಿನಲ್ಲಿರುವ ರಾಜ್ಯ ಲೋಡ್ ಡಿಸ್ಪ್ಯಾಚ್ ಸೆಂಟರ್‌ನ (ರಾಜ್ಯದ ಬೇಡಿಕೆಗೂ ಉತ್ಪಾದನೆಗೂ ಹೊಂದಾಣಿಕೆ ಮಾಡುವ ಕೇಂದ್ರ) ಜಾಲತಾಣದಲ್ಲಿ ರಾಜ್ಯದ ಬೇಡಿಕೆ, ಒಂದೊಂದು ಸ್ಥಾವರದ ಉತ್ಪಾದನೆ, ಪವನ ಮತ್ತು ಸೌರ ವಿದ್ಯುತ್ತಿನ ಅಂಕಿಗಳು ಸಿಗುತ್ತವೆ. ನೇರ ಪುಟದ ಅಂಕಿ ಬದಲಾಗುತ್ತಲೇ ಇರುತ್ತದೆ, ಆದ್ದರಿಂದ ನೋಡಿದಾಗಲೇ ಬರೆದುಕೊಳ್ಳಿ. ಬೆಳಗಿನ 8 ಮತ್ತು ರಾತ್ರಿ 8 ಒಳ್ಳೆಯ ಹೊತ್ತು. ಅದರಲ್ಲೂ ರಾತ್ರಿ 8ಕ್ಕೆ ಸೌರ ವಿದ್ಯುತ್ ಸೊನ್ನೆ. ಒಂದು ಗೊಂದಲ ಕಡಿಮೆ.

ಕಾಲಂಗಳು ಹೀಗಿರಲಿ: ದಿನಾಂಕ, ಹೊತ್ತು, ಬೇಡಿಕೆ, ಪವನ, ಸೌರ, ಜಲ, ಕಲ್ಲಿದ್ದಲು (ರಾಯಚೂರು, ಬಳ್ಳಾರಿ, ಯರಮರಸ್ ಸೇರಿಸಿ), ಗ್ಯಾಸ್, ಹೊರಗಿನ ಗ್ರಿಡ್‌ನಿಂದ ಪಡೆದದ್ದು. ಗ್ಯಾಸ್ ಕಾಲಂನಲ್ಲಿ ಮುಖ್ಯವಾಗಿ ಯಲಹಂಕದ 370 ಮೆಗಾವ್ಯಾಟ್‌ನ ಕಂಬೈಂಡ್ ಸೈಕಲ್ ಸ್ಥಾವರ (ಗ್ಯಾಸ್ ಟರ್ಬೈನ್‌ನಿಂದ ಹೊರಬರುವ ಬಿಸಿಯಿಂದ ಹಬೆ ಮಾಡಿ ಮತ್ತೊಂದು ಟರ್ಬೈನ್ ತಿರುಗಿಸುವಂಥದ್ದು) ಬರುತ್ತದೆ. ಅದು ಎಷ್ಟೋ ದಿನ ಸೊನ್ನೆ ಇರಬಹುದು. ಆ ಸೊನ್ನೆಯನ್ನೂ ಬರೆಯಿರಿ: ಓಡದೇ ಇರುವ ಸ್ಥಾವರದ ಗ್ಯಾಸನ್ನು ಗಾಳಿ ಉಳಿಸಲಾರದು.

ಜೋಡಿ ಹುಡುಕುವುದು

ಇಡೀ ಲೆಕ್ಕದ ಜೀವ ಇಲ್ಲಿದೆ. ಒಂದೇ ಹೊತ್ತು, ಒಂದೇ ತಿಂಗಳು, ಬೇಡಿಕೆ ಹೆಚ್ಚುಕಡಿಮೆ ಒಂದೇ, ಗಾಳಿ ಮಾತ್ರ ಬೇರೆ: ಅಂಥ ಎರಡು ದಿನಗಳನ್ನು ಪಕ್ಕಪಕ್ಕ ಇಡಿ. ಯಾವುದು ಇಳಿಯಿತು ಎಂದು ನೋಡಿ.

ಲೆಕ್ಕದ ರೀತಿ ತಿಳಿಯಲೆಂದು ಒಂದು ಕಲ್ಪಿತ ಉದಾಹರಣೆ. ಎರಡೂ ರಾತ್ರಿ ಬೇಡಿಕೆ 11,000 ಮೆಗಾವ್ಯಾಟ್. ಮೊದಲ ರಾತ್ರಿ ಪವನ 800, ಕಲ್ಲಿದ್ದಲು 4,000, ಜಲ 2,200, ಗ್ಯಾಸ್ 300, ಹೊರಗಿನಿಂದ 3,700. ಎರಡನೆಯ ರಾತ್ರಿ ಪವನ 2,300, ಕಲ್ಲಿದ್ದಲು 3,000, ಜಲ 1,900, ಗ್ಯಾಸ್ 200, ಹೊರಗಿನಿಂದ 3,600. ಗಾಳಿ 1,500 ಏರಿತು. ಅದರಲ್ಲಿ 1,000 ಕಲ್ಲಿದ್ದಲನ್ನು, 300 ನೀರನ್ನು, 100 ಹೊರಗಿನ ವಿದ್ಯುತ್ತನ್ನು ಸರಿಸಿತು. ಗ್ಯಾಸಿನ ಪಾಲಿಗೆ ಬಂದದ್ದು 100, ಅಂದರೆ ಸುಮಾರು ಶೇ 7. ಸಾಲು ಮೊತ್ತ ಎರಡೂ ಕಡೆ 11,000 ಬರುತ್ತದೆಯೇ ಎಂದು ಪ್ರತಿ ಸಲ ತಾಳೆ ನೋಡಿ. ಬರದಿದ್ದರೆ ಯಾವುದೋ ಸ್ಥಾವರ ಬಿಟ್ಟುಹೋಗಿದೆ.

ನಿಮ್ಮ ನಿಜವಾದ ಅಂಕಿಗಳಲ್ಲೂ ಕಲ್ಲಿದ್ದಲಿನ ಪಾಲೇ ದೊಡ್ಡದಾಗಿ ಬಂದರೆ ಆಶ್ಚರ್ಯಪಡಬೇಡಿ. ಭಾರತದ ಒಟ್ಟು ವಿದ್ಯುತ್ತಿನಲ್ಲಿ ಗ್ಯಾಸಿನ ಪಾಲು ಶೇ 3ಕ್ಕೂ ಕಡಿಮೆ. ಬ್ರಿಟನ್ನಿನ ಕಥೆ ಬೇರೆ: ಅಲ್ಲಿನ ಕೊನೆಯ ಕಲ್ಲಿದ್ದಲು ಸ್ಥಾವರ 2024ರ ಸೆಪ್ಟೆಂಬರ್ 30ರಂದು ಮುಚ್ಚಿತು, ಈಗ ಗಾಳಿ ಎದ್ದರೆ ಮುಖ್ಯವಾಗಿ ಇಳಿಯುವುದು ಗ್ಯಾಸ್. ಅಲ್ಲಿನ ಲೇಖನ ಓದಿ ಇಲ್ಲಿನ ತೀರ್ಮಾನಕ್ಕೆ ಬರಬಾರದು.

ನೀರಿನ 300ನ್ನು ಕಳೆದುಹೋಯಿತು ಎಂದು ಬಿಡಬೇಡಿ. ಲಿಂಗನಮಕ್ಕಿಯಲ್ಲಿ ಉಳಿದ ನೀರು ಮಾರ್ಚ್‌ನ ಸಂಜೆಗೆ ಕೆಲಸಕ್ಕೆ ಬರುತ್ತದೆ. ಜಲಾಶಯ ತುಂಬಿ ಗೇಟು ತೆರೆದಿದ್ದರೆ ಮಾತ್ರ ಅದು ನಷ್ಟ.

ಮೆಗಾವ್ಯಾಟನ್ನು ಅನಿಲಕ್ಕೆ ಬದಲಿಸುವುದು

ಕಂಬೈಂಡ್ ಸೈಕಲ್ ಸ್ಥಾವರ ಒಂದು ಯೂನಿಟ್‌ಗೆ ಸುಮಾರು 1,700 ಕಿಲೋಕ್ಯಾಲರಿ ಶಾಖ ಬಳಸುತ್ತದೆ ಎಂದಿಟ್ಟುಕೊಳ್ಳಿ. ಒಂದು ಘನ ಮೀಟರ್ ಅನಿಲದಲ್ಲಿ ಸುಮಾರು 8,500 ಕಿಲೋಕ್ಯಾಲರಿ. ಭಾಗಿಸಿದರೆ ಯೂನಿಟ್‌ಗೆ 0.2 ಘನ ಮೀಟರ್. 100 ಮೆಗಾವ್ಯಾಟ್ ಒಂದು ಗಂಟೆ ಇಳಿದರೆ 1 ಲಕ್ಷ ಯೂನಿಟ್, ಅಂದರೆ 20,000 ಘನ ಮೀಟರ್ ಉಳಿತಾಯ.

ಇಲ್ಲಿ ಒಂದು ತಿದ್ದುಪಡಿ ಬೇಕು. ಕಡಿಮೆ ಲೋಡ್‌ನಲ್ಲಿ ಟರ್ಬೈನ್ ದಕ್ಷತೆ ಕುಸಿಯುತ್ತದೆ. 200 ಮೆಗಾವ್ಯಾಟ್‌ನಲ್ಲಿ ಶಾಖದ ಖರ್ಚು ಶೇ 10 ಏರಿ 1,870 ಆಯಿತು ಎಂದುಕೊಳ್ಳೋಣ. 300ರಲ್ಲಿ ಗಂಟೆಗೆ 60,000 ಘನ ಮೀಟರ್ ಬೇಕಿತ್ತು, 200ರಲ್ಲಿ 44,000 ಬೇಕಾಯಿತು. ಉಳಿತಾಯ 20,000 ಅಲ್ಲ, 16,000. ಬ್ಯಾಕಪ್ ಎಲ್ಲವನ್ನೂ ತಿಂದುಹಾಕುತ್ತದೆ ಎಂಬ ವಾದ ನಿಜವಾಗಬೇಕಾದರೆ ಈ ಉದಾಹರಣೆಯಲ್ಲಿ ಶಾಖದ ಖರ್ಚು ಶೇ 50 ಏರಬೇಕು. ಅಷ್ಟು ಕೆಟ್ಟ ಲೋಡ್‌ನಲ್ಲಿ ಯಾರೂ ಸ್ಥಾವರ ಓಡಿಸುವುದಿಲ್ಲ, ನಿಲ್ಲಿಸುತ್ತಾರೆ.

ಲೆಕ್ಕ ಕೆಡುವುದು ಎಲ್ಲಿ

ಜುಲೈಯನ್ನು ಮಾರ್ಚ್ ಜೊತೆ ಹೋಲಿಸುವುದು ಅತಿ ದೊಡ್ಡ ತಪ್ಪು. ಮುಂಗಾರಿನಲ್ಲಿ ಗಾಳಿ ಏರುತ್ತದೆ ನಿಜ, ಜೊತೆಗೇ ಮಳೆ ಬಂದು ಪಂಪ್‌ಸೆಟ್ ಬೇಡಿಕೆ ಇಳಿಯುತ್ತದೆ, ಜಲಾಶಯಕ್ಕೆ ನೀರು ಬರುತ್ತದೆ, ಸ್ಥಾವರಗಳು ವಾರ್ಷಿಕ ದುರಸ್ತಿಗೆ ನಿಲ್ಲುತ್ತವೆ. ಮಳೆ ಮಾಡಿದ ಕೆಲಸವೆಲ್ಲ ಗಾಳಿಯ ಖಾತೆಗೆ ಹೋಗಿಬಿಡುತ್ತದೆ.

ಕಲ್ಲಿದ್ದಲು ಘಟಕಕ್ಕೆ ಒಂದು ತಳಮಟ್ಟ ಇದೆ, ಸುಮಾರು ಶೇ 55. ಯರಮರಸ್‌ನ 800 ಮೆಗಾವ್ಯಾಟ್ ಘಟಕ 440ಕ್ಕೆ ಬಂದ ಮೇಲೆ ಮುಂದಿನ ಇಳಿಕೆಯನ್ನು ನೀರು ಅಥವಾ ಗ್ಯಾಸ್ ಹೊರಬೇಕು. ಹಾಗಾಗಿ ಒಂದೇ ಜೋಡಿಯಿಂದ ಶೇಕಡಾವಾರು ಘೋಷಿಸಬೇಡಿ. ಹತ್ತಾದರೂ ಜೋಡಿ ಇರಲಿ. ಭಾನುವಾರವನ್ನು ಭಾನುವಾರದ ಜೊತೆಗೇ ಇಡಿ. ಕರ್ನಾಟಕದ ನೆಲದಲ್ಲಿದ್ದೂ ಅಂತರರಾಜ್ಯ ಜಾಲಕ್ಕೆ ಜೋಡಿಸಿದ ಗಾಳಿಯಂತ್ರಗಳ ವಿದ್ಯುತ್ ಬೇರೆ ರಾಜ್ಯಕ್ಕೆ ಹೋಗಬಹುದು. ಅದು ಸರಿಸುವ ಕಲ್ಲಿದ್ದಲೋ ಗ್ಯಾಸೋ ನಿಮ್ಮ ಹಾಳೆಯಲ್ಲಿ ಕಾಣಿಸುವುದಿಲ್ಲ.

ಎರಡನೆಯ ಪುಟ

ಇದು ಸಾಮರ್ಥ್ಯದ ಪುಟ. ಬೇಡಿಕೆಯಿಂದ ಪವನ ಮತ್ತು ಸೌರವನ್ನು ಕಳೆಯಿರಿ. ಆ ಶೇಷ ಅತಿ ಹೆಚ್ಚಿರುವ ಗಂಟೆಗಳನ್ನು ಮೇಲಿನಿಂದ ಕೆಳಕ್ಕೆ ಜೋಡಿಸಿ, ಅವುಗಳಲ್ಲಿ ಗಾಳಿ ಎಷ್ಟಿತ್ತು ನೋಡಿ. ಇದಕ್ಕೆ ಮಳೆಗಾಲದ ವಾರ ಸಾಲದು, ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಅಂಕಿ ಬೇಕು: ರಾಜ್ಯದ ಬೇಡಿಕೆ ಏರುವುದೂ ಗಾಳಿ ಸೊರಗುವುದೂ ಆಗಲೇ. ಅಲ್ಲಿ ಕಾಣುವ ಕೊರತೆಯನ್ನು ನೀರು, ಕಲ್ಲಿದ್ದಲು, ಬ್ಯಾಟರಿ, ಗ್ಯಾಸ್ ಇವುಗಳಲ್ಲಿ ಯಾವುದಾದರೂ ತುಂಬಲೇಬೇಕು.

ಅಡುಗೆಮನೆಯ ಗ್ಯಾಸ್

ಬೆಂಗಳೂರಿನ ನೈಸರ್ಗಿಕ ಅನಿಲ ಯಲಹಂಕಕ್ಕೆ ಮಾತ್ರ ಹೋಗುವುದಲ್ಲ. ಪೈಪ್‌ಲೈನ್ ಮೂಲಕ ಮನೆ, ಸಿಎನ್‌ಜಿ ಬಂಕ್, ಕಾರ್ಖಾನೆಗಳಿಗೂ ಹೋಗುತ್ತದೆ. ಎಷ್ಟೇ ಗಾಳಿ ಬೀಸಿದರೂ ಆ ಬಳಕೆ ತಾನಾಗಿ ಇಳಿಯದು, ಒಲೆ ಬದಲಾಗಬೇಕು. (ಸಿಲಿಂಡರ್‌ನ ಎಲ್‌ಪಿಜಿ ಬೇರೆ ಇಂಧನ, ಈ ಲೆಕ್ಕಕ್ಕೆ ಸೇರಿಸಬೇಡಿ.) ಒಂದು ಘನ ಮೀಟರ್ ಪೈಪ್ ಗ್ಯಾಸಿನ ಅಡುಗೆಗೆ ಇಂಡಕ್ಷನ್ ಒಲೆಯಲ್ಲಿ 6ರಿಂದ 7 ಯೂನಿಟ್ ಬೇಕು. ಆ 6.5 ಯೂನಿಟ್ ಗ್ಯಾಸ್ ಸ್ಥಾವರದಿಂದಲೇ ಬಂದರೆ ಉರಿಯುವುದು 1.3 ಘನ ಮೀಟರ್, ಮೊದಲಿಗಿಂತ ಹೆಚ್ಚು. ಗಾಳಿ ಚೆನ್ನಾಗಿರುವ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರಾತ್ರಿ ಅಡುಗೆಯನ್ನು ಇಂಡಕ್ಷನ್‌ಗೆ ಹಾಕಿ, ಆ ತಿಂಗಳುಗಳ ಗ್ಯಾಸ್ ಮೀಟರ್ ಓದಿಕೆಯನ್ನೂ ಅದೇ ಹಾಳೆಯಲ್ಲಿ ಬರೆದಿಡಿ.