ಒಂದೇ ಗೇರ್‌ಬಾಕ್ಸ್, ಎರಡು ಸಲ ಲೆಕ್ಕ: ಕುಂಟುತ್ತಿದ್ದ ರೇಸಿಂಗ್ ಟೀಮಿಗೆ ದುಡ್ಡು ಹಾಕಿದ ನನ್ನ ಅನುಭವ

ಟೀಮಿನ ಬಿಡಿಭಾಗಗಳ ಪಟ್ಟಿಯ 14ನೇ ಸಾಲಿನಲ್ಲಿ ಒಂದು ಸ್ಪೇರ್ ಗೇರ್‌ಬಾಕ್ಸ್ ಇತ್ತು. 31ನೇ ಸಾಲಿನಲ್ಲಿ ಇನ್ನೊಂದು. ಎರಡರ ಮುಂದೆ ಬರೆದಿದ್ದ ನಂಬರು ಮಾತ್ರ ಒಂದೇ. ಟೈಪ್ ಮಾಡುವಾಗ ತಪ್ಪಾಗಿರಬೇಕು ಅಂದುಕೊಂಡು ಪಟ್ಟಿ ಹಿಡಿದು ವರ್ಕ್‌ಶಾಪಿನ ಹಿಂಬದಿಗೆ ಹೋದೆ. ಚೀಫ್ ಮೆಕ್ಯಾನಿಕ್ ಕೈ ಒರೆಸಿಕೊಂಡು ಪಟ್ಟಿ ನೋಡಿದರು. ನಕ್ಕರು. "ಇರೋದು ಒಂದೇ ಸಾರ್. ಯಾವ ಕಾರಿಗೆ ಬೇಕೋ ಅದಕ್ಕೆ ಹಾಕ್ತೀವಿ. ಅದಕ್ಕೇ ಎರಡೂ ಕಾರಿನ ಲೆಕ್ಕದಲ್ಲಿ ಬಂದಿದೆ."

ಟೀಮು ಕೊಳ್ಳುವ ಮಾತುಕತೆ ಶುರುವಾಗಿ ಆಗಲೇ ಎರಡು ತಿಂಗಳಾಗಿತ್ತು. ನಾವು ಮೂರು ಜನ. ನನ್ನದು ಮೆಷಿನ್ ಶಾಪ್, ಲೋಹ ಕಡೆದು ಬಿಡಿಭಾಗ ಮಾಡುವ ಕೆಲಸ. ಒಬ್ಬ ಗೆಳೆಯ ಆಡಿಟರ್. ಇನ್ನೊಬ್ಬ ಹುಡುಗನಾಗಿದ್ದಾಗ ಕಾರ್ಟಿಂಗ್ (ಪುಟ್ಟ ಕಾರಿನ ರೇಸು) ಮಾಡಿದವನು, ಆ ಹುಚ್ಚು ಇನ್ನೂ ಬಿಟ್ಟಿರಲಿಲ್ಲ. ಟೀಮು ಜೂನಿಯರ್ ಮಟ್ಟದ ಒಂಟಿ ಸೀಟಿನ ಕಾರುಗಳದ್ದು. ಎರಡು ಕಾರು, ಹನ್ನೊಂದು ಜನ, ಒಂದು ಟ್ರಕ್. ಸ್ಥಾಪಕರು ಹಿರಿಯರು, ರೇಸಿನಲ್ಲೇ ತಲೆ ನರೆಸಿಕೊಂಡವರು. ಇನ್ನೊಂದು ಸೀಸನ್ ಓಡಿಸಲು ಅವರ ಕೈಯಲ್ಲಿ ದುಡ್ಡಿರಲಿಲ್ಲ. ಶೇಕಡಾ 60ರಷ್ಟು ಪಾಲು ತಗೊಳ್ಳಿ, ಟೀಮು ಉಳಿಸಿ ಅಂದಿದ್ದರು.

ಈ ಮಟ್ಟದ ಟೀಮು ಹೇಗೆ ಮುಳುಗುತ್ತೆ ಅನ್ನೋದು ಹೊರಗಿನವರಿಗೆ ಅಷ್ಟು ಬೇಗ ಅರ್ಥ ಆಗಲ್ಲ. ನಮಗೂ ಆಗಿರಲಿಲ್ಲ. ಸೋತು ಸೋತು ಮುಳುಗುತ್ತೆ ಅಂದುಕೊಂಡಿದ್ದೆವು. ಗೆಲುವು ಸೋಲು ಆಮೇಲಿನ ಮಾತು. ಇಲ್ಲಿ ಆದಾಯ ಬರೋದು ಡ್ರೈವರ್ ಕಡೆಯಿಂದ. ಅವನೋ ಅವನ ಮನೆಯವರೋ ಸ್ಪಾನ್ಸರೋ ಸೀಟಿಗೆ ದುಡ್ಡು ಕಟ್ಟಬೇಕು, ಅದೂ ಕಂತಿನಲ್ಲಿ. ಹಿಂದಿನ ಸೀಸನ್ನಿನ ಅರ್ಧದಲ್ಲಿ ಒಬ್ಬ ಡ್ರೈವರಿನ ಕಂತು ನಿಂತುಹೋಯಿತು. ಒಂದು ಕಾರು ಮೂಲೆ ಸೇರಿತು. ಎರಡರಲ್ಲಿ ಒಂದು ಕಾರು ನಿಂತರೆ ಖರ್ಚೂ ಅರ್ಧ ಆಗಬೇಕಲ್ವಾ? ಆಗಲ್ಲ. ಟ್ರಕ್ಕಿನ ಕಂತು ಅಷ್ಟೇ, ವರ್ಕ್‌ಶಾಪಿನ ಬಾಡಿಗೆ ಅಷ್ಟೇ, ಇಂಜಿನಿಯರ್ ಸಂಬಳ ಅಷ್ಟೇ. ಒಂದು ಸೀಟಿನ ದುಡ್ಡಲ್ಲಿ ಎರಡು ಕಾರಿನ ಸಂಸಾರ.

ದೊಡ್ಡ ಟೀಮುಗಳ ಕಥೆಯೂ ಬೇರೆಯಲ್ಲ. ಫಾರ್ಮುಲಾ ಒನ್ ನೋಡಿ. 2016ರ ಬ್ರೆಜಿಲ್ ಗ್ರ್ಯಾನ್ ಪ್ರಿ ರೇಸಿನಲ್ಲಿ ಮಳೆ ಬಂತು. ಸೌಬರ್ ಟೀಮಿನ ಫೆಲಿಪೆ ನಾಸರ್ ಒಂಬತ್ತನೆಯವನಾಗಿ ಬಂದು 2 ಅಂಕ ತಗೊಂಡ. ಅಷ್ಟಕ್ಕೇ ಮ್ಯಾನರ್ ಟೀಮು ಹತ್ತನೇ ಸ್ಥಾನದಿಂದ ಹನ್ನೊಂದಕ್ಕೆ ಇಳಿಯಿತು, ಹತ್ತನೆಯವರಿಗೆ ಸಿಗುವ ಬಹುಮಾನದ ದುಡ್ಡು ಕೈತಪ್ಪಿತು. 2017ರ ಜನವರಿಯಲ್ಲಿ ಟೀಮು ದಿವಾಳಿ ಆಡಳಿತಕ್ಕೆ, ಅಂದರೆ ಸಾಲ ತೀರಿಸಲಾಗದ ಕಂಪನಿಯನ್ನು ನೋಡಿಕೊಳ್ಳಲು ನೇಮಿಸಿದ ಹೊರಗಿನವರ ಕೈಗೆ ಹೋಯಿತು, ಆಮೇಲೆ ಟ್ರ್ಯಾಕಿಗೆ ಬರಲೇ ಇಲ್ಲ. ಇಡೀ ಟೀಮು ಒಂದೇ ಕೊಂಬೆಗೆ ಜೋತುಬಿದ್ದಿದ್ದರೆ ಹೀಗೇ ಆಗೋದು.

ಕಾರ್ಟಿಂಗ್ ಗೆಳೆಯನ ಬಾಯಲ್ಲಿ ಸದಾ ಬ್ರಾನ್ ಜಿಪಿ ಕಥೆ. 2008ರ ಡಿಸೆಂಬರಿನಲ್ಲಿ ಹೋಂಡಾ ಫಾರ್ಮುಲಾ ಒನ್ ಬಿಟ್ಟಿತು, ಅದರ ಮುಖ್ಯಸ್ಥ ರಾಸ್ ಬ್ರಾನ್ ಆ ಟೀಮನ್ನು ಒಂದು ಪೌಂಡಿಗೆ ತಗೊಂಡರು, 2009ರಲ್ಲಿ ಡ್ರೈವರಿನದು, ಟೀಮಿನದು ಎರಡೂ ಚಾಂಪಿಯನ್‌ಶಿಪ್ ಗೆದ್ದರು, ಅದೇ ವರ್ಷ ಮರ್ಸಿಡಿಸ್ ಕಡೆಯವರಿಗೆ ದೊಡ್ಡ ಪಾಲು ಮಾರಿದರು. ಎಲ್ಲ ನಿಜ. ಆದರೆ ಆ ಕಾರಿನ ಮೇಲೆ ಹೋಂಡಾ ಮೊದಲೇ ಸುರಿದಿದ್ದ ದುಡ್ಡಿನ ಸುದ್ದಿ ಇವನು ಎತ್ತುತ್ತಿರಲಿಲ್ಲ. ಬಿಟ್ಟುಹೋಗುವಾಗಲೂ ಹೋಂಡಾ ಖರ್ಚಿಗೆ ಕೊಟ್ಟಿತ್ತು. ಹಾಗಿದ್ದೂ ಎಷ್ಟೋ ಜನರನ್ನು ಕೆಲಸದಿಂದ ತೆಗೆಯಬೇಕಾಯಿತು. ಒಂದು ಪೌಂಡಿಗೆ ಸಿಗುವ ಟೀಮಿನ ಬೆಲೆ ಒಂದು ಪೌಂಡ್ ಅಲ್ಲವೇ ಅಲ್ಲ ಅಂತ ಅವನಿಗೆ ಹೇಳಿ ಹೇಳಿ ಸಾಕಾಗಿತ್ತು.

ನಮ್ಮ ಮೊದಲ ಜಗಳ ಆದದ್ದು ಷೇರು ಕೊಳ್ಳೋದಾ, ಸಾಮಾನು ಮಾತ್ರ ಕೊಳ್ಳೋದಾ ಅನ್ನೋದರ ಮೇಲೆ. ಆಡಿಟರ್ ಗೆಳೆಯನದು ಒಂದೇ ಮಾತು. "ಕಾರು, ಟ್ರಕ್, ಟೂಲ್ಸ್ ತಗೊಳ್ಳೋಣ. ಸಾಲ ಹಳೇ ಕಂಪನಿಗೇ ಇರಲಿ." ಕಾಗದದ ಮೇಲೆ ನೋಡಿದರೆ ಜಾಣತನ. ಆದರೆ ಚಾಂಪಿಯನ್‌ಶಿಪ್ಪಿನ ಎಂಟ್ರಿ, ಅಂದರೆ ಅದರಲ್ಲಿ ಓಡುವ ಜಾಗ, ಇದ್ದದ್ದು ಹಳೇ ಕಂಪನಿಯ ಹೆಸರಿನಲ್ಲಿ. ಆ ಎಂಟ್ರಿ ಇಲ್ಲದಿದ್ದರೆ ನಮ್ಮ ಕೈಗೆ ಬರೋದು ಎರಡು ಕಾರು, ಒಂದು ಲಾರಿ, ಅಷ್ಟೇ.

ಫಾರ್ಮುಲಾ ಒನ್ನಿನ ಫೋರ್ಸ್ ಇಂಡಿಯಾಕ್ಕೆ ಆದದ್ದನ್ನು ಅವನ ಮುಂದೆ ಇಟ್ಟೆ. ವಿಜಯ್ ಮಲ್ಯ ಅವರ ಆ ಟೀಮಿಗೆ 2011ರಲ್ಲೇ ಸಹಾರಾ ಬಂದು ಶೇಕಡಾ 42.5 ಪಾಲು ತಗೊಂಡಿತ್ತು, 10 ಕೋಟಿ ಡಾಲರಿಗೆ. ಹೊಸ ಹೂಡಿಕೆ ಬಂತು, ಟೀಮು ಒಳ್ಳೆ ಓಟವನ್ನೂ ಓಡಿತು, ಆದರೂ ಸಾಲ ಬಿಡಲಿಲ್ಲ. 2018ರ ಜುಲೈಯಲ್ಲಿ ದಿವಾಳಿ ಆಡಳಿತಕ್ಕೆ ಹೋದಾಗ ಬಾಕಿಗಾಗಿ ಕೋರ್ಟಿಗೆ ಹೋದವರಲ್ಲಿ ಆ ಟೀಮಿನ ಡ್ರೈವರ್ ಸೆರ್ಜಿಯೊ ಪೆರೆಜ್ ಕೂಡ ಒಬ್ಬ. ಟೀಮು ಪೂರ್ತಿ ಮುಚ್ಚಿಹೋಗದಿರಲಿ ಅಂತಲೇ ಹಾಗೆ ಮಾಡಿದೆ ಅಂದ. ಕೆನಡಾದ ಉದ್ಯಮಿ ಲಾರೆನ್ಸ್ ಸ್ಟ್ರೋಲ್ ಗುಂಪು ಬಂದು ಕಾಪಾಡಿತು. ಆದರೆ ಅವರಿಗೆ ಷೇರು ಕೊಳ್ಳಲು ಆಗಲಿಲ್ಲ, ಆಸ್ತಿ ಮಾತ್ರ ಕೊಂಡರು. ಪರಿಣಾಮ? ಬೆಲ್ಜಿಯಂ ರೇಸಿನಿಂದ ಅದು ಲೆಕ್ಕದಲ್ಲಿ ಹೊಸ ಟೀಮು. ಅಲ್ಲಿಯವರೆಗೆ ಗಳಿಸಿದ್ದ 59 ಅಂಕ ಹೋಯಿತು. ಸೊನ್ನೆಯಿಂದ ಶುರು ಮಾಡಿ 52 ಅಂಕ ತಗೊಂಡು ಏಳನೇ ಸ್ಥಾನದಲ್ಲಿ ನಿಂತರು. ಎರಡನ್ನೂ ಕೂಡಿಸಿದ್ದರೆ ಐದನೇ ಸ್ಥಾನ. 405 ಜನರ ಕೆಲಸ ಉಳಿಯಿತು, ಅದು ದೊಡ್ಡದು. ಅಂಕ ಮಾತ್ರ ಉಳಿಯಲಿಲ್ಲ.

ಅಷ್ಟು ಹೇಳಿದ ಮೇಲೂ ಅವನು ಪೂರ್ತಿ ಒಪ್ಪಲಿಲ್ಲ. ಚಾಂಪಿಯನ್‌ಶಿಪ್ ನಡೆಸುವವರನ್ನೇ ಕೇಳಿದೆವು. ಹೊಸ ಕಂಪನಿ ಅಂದರೆ ಹೊಸ ಅರ್ಜಿ, ಸಾಲಿನಲ್ಲಿ ಕಾಯಬೇಕು ಅಂದರು. ಅಲ್ಲಿಗೆ ಜಗಳ ಮುಗಿಯಿತು. ಷೇರು ಕೊಳ್ಳೋದು ಅಂತ ಆಯಿತು. ಅಂದರೆ ಸಾಲವನ್ನೂ ಕೊಂಡ ಹಾಗೆ.

ಹಾಗಾಗಿ ಎಣಿಸೋದು ಇನ್ನೂ ಮುಖ್ಯವಾಯಿತು. ಎರಡು ವಾರ ನಾನು ವರ್ಕ್‌ಶಾಪಿನಲ್ಲೇ ಇದ್ದೆ. ರೇಸ್ ಕಾರಿನ ಎಷ್ಟೋ ಬಿಡಿಭಾಗಗಳಿಗೆ ಆಯಸ್ಸು ಕಿಲೋಮೀಟರಿನಲ್ಲಿ. ಇಷ್ಟು ಓಡಿದ ಮೇಲೆ ಚೆನ್ನಾಗಿ ಕಂಡರೂ ತೆಗೆದು ಬಿಸಾಕಬೇಕು, ಇಲ್ಲವೇ ತಯಾರಕರಿಗೆ ಕಳಿಸಿ ಸರಿಮಾಡಿಸಬೇಕು. ಡ್ರೈವ್‌ಶಾಫ್ಟು, ಗೇರಿನ ಡಾಗ್ ರಿಂಗು, ಸಸ್ಪೆನ್ಷನ್ನಿನ ತೋಳು, ಎಲ್ಲಕ್ಕೂ ಒಂದೊಂದು ಹಾಳೆ ಇರಬೇಕು. ಇಲ್ಲಿ ಕಳೆದ ನಾಲ್ಕು ರೇಸಿನ ಹಾಳೆಗಳು ಖಾಲಿ. ಬರೆಯಲು ಮರೆತದ್ದಲ್ಲ. ಬರೆದರೆ ಬದಲಾಯಿಸಬೇಕಾಗುತ್ತೆ, ಬದಲಾಯಿಸಲು ದುಡ್ಡಿಲ್ಲ. ಪುಸ್ತಕದಲ್ಲಿ ಆಸ್ತಿ ಅಂತ ತೋರಿಸಿದ್ದರಲ್ಲಿ ಮೂರನೇ ಒಂದು ಭಾಗ ನನ್ನ ಲೆಕ್ಕದಲ್ಲಿ ಗುಜರಿ.

ಒಂದು ಸಂಜೆ ಚೀಫ್ ಮೆಕ್ಯಾನಿಕ್ ಎರಡನೇ ಕಾರನ್ನು ಸ್ಟ್ಯಾಂಡಿಗೆ ಏರಿಸಿದರು. ನನ್ನ ಎರಡೂ ಕೈ ತಗೊಂಡು ಮುಂದಿನ ಚಕ್ರದ ಮೇಲೊಂದು, ಕೆಳಗೊಂದು ಇಟ್ಟರು. "ಅಲ್ಲಾಡಿಸಿ." ಅಲ್ಲಾಡಿಸಿದೆ. ಟಕ್. ಸಣ್ಣ ಸದ್ದು, ಕಿವಿಗಿಂತ ಜಾಸ್ತಿ ಬೆರಳಿಗೆ ಗೊತ್ತಾಗುತ್ತೆ. ಬೇರಿಂಗು ಸವೆದಿತ್ತು. "ಈ ಟಕ್ ಇಟ್ಕೊಂಡು ಸೆಟಪ್ ಬಗ್ಗೆ ಎಷ್ಟು ಮಾತಾಡಿದ್ರೂ ಸುಮ್ನೆ ಸಾರ್. ಹುಡುಗ ಬಂದು ಕಾರು ಒಂದೊಂದು ಲ್ಯಾಪಿಗೆ ಒಂದೊಂದು ಥರ ಇದೆ ಅಂತಾನೆ. ಅವನು ಹೇಳೋದು ನಿಜ. ಇಂಜಿನಿಯರ್ ನಂಬಲ್ಲ." ಕುಲುಕಾಟ ತಡೆಯುವ ಡ್ಯಾಂಪರುಗಳನ್ನೂ ಒಂದೂವರೆ ವರ್ಷದಿಂದ ಬಿಚ್ಚಿರಲಿಲ್ಲವಂತೆ. ಟೀಮು ಯಾಕೆ ನಿಧಾನ ಅನ್ನೋದಕ್ಕೆ ನನಗೆ ಸಿಕ್ಕ ಮೊದಲ ಸರಿಯಾದ ಉತ್ತರ ಅದು. ಆಡಿಟರ್ ಕೈಲಿದ್ದ ಕಾಗದದಲ್ಲಿ ಎಲ್ಲೂ ಇರಲಿಲ್ಲ.

ಬಿಡಿಭಾಗದ ಲೆಕ್ಕ ಹೀಗೆ ಕೆಟ್ಟಿರೋದು ನಮ್ಮಲ್ಲಿ ಮಾತ್ರ ಅಂತ ಅಂದುಕೊಂಡಿದ್ದೆ. ಫಾರ್ಮುಲಾ ಒನ್ನಿನ ವಿಲಿಯಮ್ಸ್ ಟೀಮನ್ನು 2020ರಲ್ಲಿ ಡಾರಿಲ್ಟನ್ ಕ್ಯಾಪಿಟಲ್ ಅನ್ನೋ ಹೂಡಿಕೆ ಕಂಪನಿ ಕೊಂಡಿತು. ಕೆಲವು ವರ್ಷದ ಮೇಲೆ ಅಲ್ಲಿ ಮುಖ್ಯಸ್ಥರಾಗಿ ಬಂದ ಜೇಮ್ಸ್ ವೋಲ್ಸ್, ಕಾರಿನ ಸುಮಾರು 20,000 ಬಿಡಿಭಾಗಗಳ ಲೆಕ್ಕ ಎಕ್ಸೆಲ್ ಹಾಳೆಯಲ್ಲಿ ಇತ್ತು ಅಂತ ಬಹಿರಂಗವಾಗೇ ಹೇಳಿದರು. ಯಾವ ಭಾಗ ಎಲ್ಲಿದೆ ಅಂತ ಹುಡುಕೋದೇ ಒಂದು ಕೆಲಸ ಆಗಿತ್ತಂತೆ. ಅದನ್ನು ಓದಿದ ದಿನ ನಮ್ಮ ಗೇರ್‌ಬಾಕ್ಸ್ ನೆನಪಾಗಿ ಸ್ವಲ್ಪ ಸಮಾಧಾನ ಆಯಿತು.

ಸ್ಥಾಪಕರ ಜೊತೆ ಮಾತು ಮುಗಿಸೋದು ಲೆಕ್ಕಕ್ಕಿಂತ ಕಷ್ಟ. ಅವರು ತಮ್ಮ ಸ್ವಂತ ದುಡ್ಡನ್ನು ಕಂಪನಿಗೆ ಸಾಲ ಅಂತ ಕೊಟ್ಟಿದ್ದರು. ಅದು ವಾಪಸ್ ಬೇಕು ಅಂದರು. ನಾವು ಕೊಡುವ ದುಡ್ಡು ಬಾಗಿಲಲ್ಲಿ ಬಂದು ಕಿಟಕಿಯಲ್ಲಿ ಹೋದರೆ ಟೀಮಿಗೇನು ಉಳಿಯಿತು? ಕೊನೆಗೆ ಆ ಸಾಲವನ್ನು ಷೇರಿಗೆ ಬದಲಾಯಿಸಿದೆವು, ಅವರ 40 ಪಾಲಿನೊಳಗೇ. ಒಪ್ಪಿಕೊಳ್ಳಲು ಮೂರು ವಾರ ಹಿಡಿಯಿತು. ಆ ಮೂರು ವಾರ ಅವರು ನನ್ನ ಫೋನ್ ಎತ್ತುತ್ತಿರಲಿಲ್ಲ, ಕಾರ್ಟಿಂಗ್ ಗೆಳೆಯನ ಜೊತೆ ಮಾತ್ರ ಮಾತು.

ದುಡ್ಡನ್ನು ಒಂದೇ ಸಲ ಹಾಕಲಿಲ್ಲ. ಮೂರು ಕಂತು. ಮೊದಲ ಕಂತು ಬಾಕಿ ಸಂಬಳಕ್ಕೆ ಮತ್ತು ಟೀಮು ದುಡ್ಡು ಕೊಡಬೇಕಿದ್ದವರಿಗೆ. ಎರಡನೆಯದು ಎರಡೂ ಸೀಟಿಗೆ ಡ್ರೈವರ್ ಸಹಿ ಹಾಕಿದ ಮೇಲೆ. ಮೂರನೆಯದು ಬಿಡಿಭಾಗಕ್ಕೆ. ಸಂಬಳ ಮೊದಲು ಅಂತ ಹಟ ಹಿಡಿದವನು ನಾನೇ. ಎರಡು ತಿಂಗಳಿಂದ ಸಂಬಳ ಕಾಣದ ಮನುಷ್ಯ ಚಕ್ರದ ನಟ್ಟು ಬಿಗಿ ಮಾಡ್ತಾನೆ, ಆ ಕಾರಿನಲ್ಲಿ ಇನ್ಯಾರದೋ ಮಗ ಕೂರುತ್ತಾನೆ. ಇದರಲ್ಲಿ ಚರ್ಚೆ ಮಾಡಲು ಏನಿದೆ?

ದುಡ್ಡು ಕೊಡಬೇಕಿದ್ದವರ ಹತ್ತಿರ ನಾವು ಜಾಣರ ಹಾಗೆ ಹೋದೆವು. ದೊಡ್ಡವರನ್ನು ಮೊದಲು ಹಿಡಿದೆವು. ಇಂಜಿನ್ ನಮ್ಮ ಸ್ವಂತದ್ದಲ್ಲ, ಸೀಲ್ ಮಾಡಿದ ಇಂಜಿನನ್ನು ಬಾಡಿಗೆಗೆ ಕೊಡುವವರಿದ್ದಾರೆ. ಅವರು ಹಳೇ ಬಾಕಿಯಲ್ಲಿ ಅರ್ಧ ಈಗ, ಅರ್ಧ ಸೀಸನ್ ಮುಗಿದ ಮೇಲೆ ಅಂದರೆ ಒಪ್ಪಿದರು. ಹೊಸ ಬಾಡಿಗೆ ಮಾತ್ರ ಮುಂಗಡ. ಟೈರಿನವರು ಕಾಸಿಗೆ ಕಾಸು, ಮಾತೇ ಇಲ್ಲ. ಟ್ರಕ್ಕಿನ ಕಂತು ಮುಂದೂಡಿಸಿದೆವು. ಪಟ್ಟಿಯ ಕೊನೆಯಲ್ಲಿ ಕಾರ್ಬನ್ ಭಾಗ ರಿಪೇರಿ ಮಾಡುವ ಒಬ್ಬ ಸಣ್ಣ ವರ್ಕ್‌ಶಾಪಿನವನಿದ್ದ. ಬಾಕಿ ಚಿಕ್ಕದು. ಆಮೇಲೆ ನೋಡೋಣ ಅಂದುಕೊಂಡೆವು. ಅವನೂ ಕೇಳಲಿಲ್ಲ. ಕೇಳಲಿಲ್ಲ ಅನ್ನೋದೇ ನನಗೆ ಅನುಮಾನ ಹುಟ್ಟಿಸಬೇಕಿತ್ತು.

ಹೊಸ ಸೀಸನ್ನಿನ ಮೊದಲ ರೇಸು. ಶುಕ್ರವಾರದ ಪ್ರಾಕ್ಟೀಸಿನಲ್ಲಿ ನಮ್ಮ ಹುಡುಗ ಮುಂದಿನ ಕಾರಿಗೆ ಗುದ್ದಿದ. ಕಾರಿನ ಮೂಗು ಹೋಯಿತು, ಮುಂದಿನ ರೆಕ್ಕೆಯೂ ಹೋಯಿತು. ತೊಂದರೆಯಿಲ್ಲ, ಸ್ಪೇರ್ ಮೂಗು ಎರಡಿದೆ, ನಾನೇ ಎಣಿಸಿದ್ದೆ. ಚೀಫ್ ಮೆಕ್ಯಾನಿಕ್ ಟ್ರಕ್ಕಿಗೆ ಹೋಗಿ ಒಂದೇ ಒಂದು ತಂದರು. ಅದನ್ನು ಹಾಕಿದೆವು. ಶನಿವಾರ ಬೆಳಗ್ಗೆ ಇನ್ನೊಂದು ಕಾರಿನ ಮೂಗೂ ಒಡೆಯಿತು. ಎರಡನೇ ಸ್ಪೇರ್ ಎಲ್ಲಿ? ನಾನು ಎಣಿಸಿದ ಮೇಲೆ ಅದರಲ್ಲಿ ಬಿರುಕು ಕಂಡಿತ್ತಂತೆ, ರಿಪೇರಿಗೆ ಕಳಿಸಿದ್ದರಂತೆ. ಅದೇ ಕಾರ್ಬನ್ನಿನವನ ಹತ್ತಿರ. ರಿಪೇರಿ ಆಗಿ ವಾರ ಆಗಿತ್ತು. ಅವನು ಕೊಟ್ಟಿರಲಿಲ್ಲ.

ಫೋನ್ ಮಾಡಿದೆ. ಬೈತಾನೆ ಅಂದುಕೊಂಡಿದ್ದೆ. ಬೈಯಲಿಲ್ಲ. "ಎಲ್ಲರಿಗೂ ಕೊಟ್ರಂತೆ, ಸಂತೋಷ. ನನ್ನ ಸರದಿ ಬಂದಾಗ ಹೇಳಿ, ಕಳಿಸ್ತೀನಿ," ಅಂದ. ಅಷ್ಟೇ. ಫೋನ್ ಇಟ್ಟ ತಕ್ಷಣ ದುಡ್ಡು ಹಾಕಿದೆ, ಆದರೆ ಮೂಗು ಬರುವಷ್ಟರಲ್ಲಿ ರೇಸು ಮುಗಿದಿರುತ್ತೆ. ಆ ವಾರ ಒಂದೇ ಕಾರು ಓಡಿತು. ಓಡದ ಕಾರಿನ ಹುಡುಗನ ಅಪ್ಪ ಗ್ಯಾರೇಜಿನ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದರು. ಒಂದು ಮಾತೂ ಆಡಲಿಲ್ಲ. ಆ ರೇಸಿನ ಪಾಲಿನ ದುಡ್ಡನ್ನು ಮುಂದಿನ ಕಂತಿನಲ್ಲಿ ಹಿಡಿದುಕೊಂಡರು. ಕಾರ್ಬನ್ನಿನವನ ಬಾಕಿಯ ಆರು ಪಟ್ಟು.

ಆ ಸೀಸನ್ನಿನ ಕೊನೆಗೆ ನಾವು ಚಾಂಪಿಯನ್ ಏನೂ ಆಗಲಿಲ್ಲ. ಬೇರಿಂಗು, ಡ್ಯಾಂಪರು, ಅವಧಿ ಮುಗಿದ ಶಾಫ್ಟು ಎಲ್ಲ ಬದಲಾದ ಮೇಲೆ ಕಾರು ಲ್ಯಾಪಿಗೊಂದು ಥರ ಆಡೋದು ನಿಲ್ಲಿಸಿತು. ಕೊನೆಯ ಸಾಲಿನಿಂದ ನಡುವಿಗೆ ಬಂದೆವು. ಕಾರ್ಟಿಂಗ್ ಗೆಳೆಯ ಸಿಮ್ಯುಲೇಟರ್ ಬೇಕು ಅಂತ ಇಡೀ ವರ್ಷ ಪೀಡಿಸಿದ, ಕೊಡಿಸಲಿಲ್ಲ. ಮುಂದಿನ ಸೀಸನ್ನಿಗೆ ಎರಡೂ ಸೀಟು ಮೊದಲೇ ಹೋದವು. ಹಾಕಿದ ದುಡ್ಡು ಇನ್ನೂ ವಾಪಸ್ ಬಂದಿಲ್ಲ, ಟೀಮು ಮಾತ್ರ ಈಗ ತನ್ನ ಖರ್ಚು ತಾನು ನೋಡಿಕೊಳ್ಳುತ್ತೆ. ಎರಡನೇ ಗೇರ್‌ಬಾಕ್ಸ್ ಕೊಂಡಿದ್ದೇವೆ, ನಂಬರು ಬೇರೆ.

ಕಾರ್ಬನ್ನಿನವನಿಗೆ ಈಗ ರಿಪೇರಿಗೆ ಮೊದಲೇ ನಾನೇ ದುಡ್ಡು ಹಾಕ್ತೀನಿ. ಒಂದು ದಿನವೂ ತಡ ಮಾಡಿಲ್ಲ. ಅವನಿಗೆ ಇನ್ನೂ ನಂಬಿಕೆ ಬಂದಿಲ್ಲ. ಬ್ಯಾಂಕಿನ ಮೆಸೇಜು ಬಂದದ್ದನ್ನು ನೋಡಿಕೊಂಡ ಮೇಲೇ ಸಾಮಾನು ಮುಟ್ಟುತ್ತಾನೆ.