ಸಿನಗಾಗಿನ ಶನಿವಾರಕ್ಕೆ ಅತಿಥಿಯಾಗಿ ಹೋಗುವ ಬಗೆ: ಹುಬ್ಬಳ್ಳಿ-ಧಾರವಾಡದವರಿಗೊಂದು ಕೈಪಿಡಿ

ಹುಬ್ಬಳ್ಳಿಯಲ್ಲಿ ರಾತ್ರಿ ಬಸ್ಸು ಹತ್ತಿದರೆ ಬೆಳಗಾಗುವ ಹೊತ್ತಿಗೆ ಪುಣೆ ಬರುತ್ತದೆ. ಮಕ್ಕಳು ಅಲ್ಲಿ ನೌಕರಿಯಲ್ಲಿರುವುದರಿಂದ ನಮ್ಮ ಕಡೆಯ ಎಷ್ಟೋ ಹಿರಿಯರು ವರ್ಷಕ್ಕೆರಡು ಬಾರಿ ಅಲ್ಲಿಗೆ ಹೋಗಿಬರುತ್ತಾರೆ. ಕ್ಯಾಂಪ್ ಭಾಗದಲ್ಲಿ ಸುತ್ತಾಡುವಾಗ ಕೆಂಪು ಇಟ್ಟಿಗೆಯ, ಎತ್ತರದ ಗಡಿಯಾರ ಗೋಪುರವಿರುವ ಕಟ್ಟಡವನ್ನು ಕಂಡು ಇಗರ್ಜಿಯೆಂದೇ ತಿಳಿದು ಮುಂದೆ ಸಾಗುತ್ತಾರೆ. ಅದು ಇಗರ್ಜಿಯಲ್ಲ. ಬಾಗ್ದಾದಿನಿಂದ ಮುಂಬಯಿಗೆ ಬಂದು ನೆಲೆಸಿದ ವ್ಯಾಪಾರಿ ಡೇವಿಡ್ ಸಸೂನ್ ಕಟ್ಟಿಸಲಾರಂಭಿಸಿ, ಅವನು ತೀರಿಕೊಂಡ ಮೇಲೆ 1867ರಲ್ಲಿ ಪೂರ್ಣಗೊಂಡ ಓಹೆಲ್ ಡೇವಿಡ್ ಸಿನಗಾಗ್, ಎಂದರೆ ಯೆಹೂದ್ಯರ ಪ್ರಾರ್ಥನಾ ಮಂದಿರ. ಊರವರು ಅದನ್ನು ಲಾಲ್ ದೇವೂಳ ಎನ್ನುತ್ತಾರೆ. ಸಸೂನನ ಸಮಾಧಿಯೂ ಅದೇ ಆವರಣದಲ್ಲಿದೆ. ರಾಸ್ತಾ ಪೇಟೆಯಲ್ಲಿ ಬೆನೆ ಇಸ್ರಾಯೇಲ್ ಸಮುದಾಯದವರ ಸುಕ್ಕಾತ್ ಶೆಲೊಮೊ ಎಂಬ ಇನ್ನೊಂದು ಸಿನಗಾಗ್ ಇದೆ.

ಇಂಥ ಕಡೆ ನಮ್ಮಂಥವರು ಹೋಗಬಹುದೇ ಎಂದು ಕೇಳುವವರಿಗಾಗಿ ಈ ಬರಹ. ಮೊದಲೇ ತಿಳಿಸಿ, ಒಪ್ಪಿಗೆ ಪಡೆದರೆ ಹೋಗಬಹುದು. ಆದರೆ ಕಟ್ಟಡ ನೋಡುವುದು ಬೇರೆ, ಅಲ್ಲಿ ವಾರವೊಂದು ಹೇಗೆ ತಿರುಗುತ್ತದೆಂದು ನೋಡುವುದು ಬೇರೆ. ಎರಡನೆಯದು ಬೇಕಿದ್ದರೆ ಎರಡು ಸಂಗತಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಹೋಗಬೇಕು: ಸೂರ್ಯ ಮುಳುಗುವ ಹೊತ್ತು ಮತ್ತು ಹತ್ತು ಜನರ ಲೆಕ್ಕ. ಅಲ್ಲಿಯ ಕಟ್ಟುಪಾಡುಗಳಲ್ಲಿ ಅತಿಥಿಗೆ ತಾಗುವಂಥವು ಹೆಚ್ಚಾಗಿ ಇವೆರಡರಿಂದಲೇ ಹುಟ್ಟಿವೆ.

ಹೋಗುವ ಮುನ್ನ ಯಾರ ನಡುವೆ ಹೋಗುತ್ತಿದ್ದೇವೆಂಬುದು ತಿಳಿದಿರಲಿ. ಪುಣೆ-ಮುಂಬಯಿ ಭಾಗದ ಯೆಹೂದ್ಯರಲ್ಲಿ ಹೆಚ್ಚಿನವರು ಬೆನೆ ಇಸ್ರಾಯೇಲರು. ಕೊಂಕಣ ಕರಾವಳಿಯ ಹಳ್ಳಿಗಳಲ್ಲಿ ಶತಮಾನಗಳ ಕಾಲ ಗಾಣ ನಡೆಸಿದವರು. ಶನಿವಾರ ಮಾತ್ರ ಅವರ ಗಾಣ ತಿರುಗುತ್ತಿರಲಿಲ್ಲ. ಹಾಗಾಗಿ ನೆರೆಹೊರೆಯವರು ಅವರನ್ನು ಶನಿವಾರ ತೇಲಿ ಎಂದು ಕರೆದರು; ನಮ್ಮ ಮಾತಿನಲ್ಲಿ ಶನಿವಾರದ ಗಾಣಿಗರು. ಅವರ ಮನೆಮಾತು ಮರಾಠಿ, ಅಡ್ಡಹೆಸರುಗಳು ದಿವೇಕರ, ಪೇಣಕರ, ಕೇಹಿಮಕರ ಎಂದು ಊರಿನ ಹೆಸರಿಗೆ 'ಕರ' ಸೇರಿಸಿದಂಥವು. ಹುಬ್ಳೀಕರ, ಧಾರವಾಡಕರ ಎಂಬ ಹೆಸರುಗಳ ನಡುವೆ ಬೆಳೆದ ನಮಗೆ ಇದರಲ್ಲಿ ಹೊಸತೇನೂ ಕಾಣದು. 1956ರವರೆಗೆ ಮುಂಬಯಿ ಆಡಳಿತದಲ್ಲಿದ್ದ ಧಾರವಾಡದ ಕಡೆಯವರ ಕಿವಿಗೆ ಮರಾಠಿ ಇನ್ನೂ ಒಗ್ಗಿದೆ. ನಾಲ್ಕು ಮಾತು ಮರಾಠಿ ಬಂದರೂ ಸಾಕು, ಅಲ್ಲಿಯ ಹಿರಿಯರ ಮುಖ ಅರಳುತ್ತದೆ. ಮುಂಬಯಿಯ ಅತಿ ಹಳೆಯ ಸಿನಗಾಗ್, ಮಸ್ಜಿದ್ ಬಂದರ್ ನಿಲ್ದಾಣದ ಬಳಿಯ ಶಾರ್ ಹರಹಾಮಿಮ್, 1796ರದ್ದು. ಅದನ್ನು ಕಟ್ಟಿಸಿದ ಸ್ಯಾಮ್ಯುಯೆಲ್ ದಿವೇಕರ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿದ್ದು ಟಿಪ್ಪುವಿನ ಸೆರೆಯಲ್ಲಿ ಸಿಕ್ಕಿ ಬಿಡುಗಡೆಯಾಗಿ ಬಂದವನು. ಆ ಮಟ್ಟಿಗೆ ಕನ್ನಡ ನಾಡಿನ ಒಂದು ಎಳೆ ಅಲ್ಲಿಯೂ ಸೇರಿಕೊಂಡಿದೆ.

ಒಪ್ಪಿಗೆಯನ್ನು ಹೊರಡುವ ಒಂದೆರಡು ವಾರ ಮೊದಲೇ ಕೇಳಿರಿ. 2008ರ ನವೆಂಬರಿನಲ್ಲಿ ಮುಂಬಯಿಯ ಯೆಹೂದ್ಯ ಕೇಂದ್ರವಾದ ನರಿಮನ್ ಹೌಸ್ ಮೇಲೆ ದಾಳಿಯಾದ ಮೇಲೆ ಸಿನಗಾಗುಗಳ ಬಾಗಿಲಲ್ಲಿ ಪೊಲೀಸರ ಕಾವಲು ಬಂದಿದೆ. ಆಧಾರ್ ಅಥವಾ ಬೇರೊಂದು ಗುರುತಿನ ಚೀಟಿ ಜೊತೆಯಲ್ಲಿರಲಿ, ದೊಡ್ಡ ಬ್ಯಾಗು ಬೇಡ. ಪ್ರಶ್ನೆ ಕೇಳಿದರೆ ಬೇಸರಪಡದೆ ಉತ್ತರಿಸಿರಿ. ಪರಿಚಯದವರೊಬ್ಬರು ಕರೆದುಕೊಂಡು ಹೋದರೆ ಎಲ್ಲಕ್ಕಿಂತ ಒಳ್ಳೆಯದು.

ಇನ್ನು ಸೂರ್ಯಾಸ್ತದ ಮಾತು. ನಮ್ಮ ಪಂಚಾಂಗದಲ್ಲಿ ವಾರವು ಸೂರ್ಯೋದಯಕ್ಕೆ ಬದಲಾಗುತ್ತದೆ; ಅವರ ದಿನವಾದರೋ ಸೂರ್ಯ ಮುಳುಗಿದಾಗಲೇ ಆರಂಭವಾಗುತ್ತದೆ. ಆದ್ದರಿಂದ ಶಬ್ಬಾತ್, ಎಂದರೆ ಕನ್ನಡ ಬೈಬಲಿನಲ್ಲಿ ಸಬ್ಬತ್ ಎಂದು ಬರುವ ವಿಶ್ರಾಂತಿಯ ದಿನ, ಶುಕ್ರವಾರ ಸಂಜೆಯೇ ಶುರುವಾಗಿ ಶನಿವಾರ ರಾತ್ರಿ ಆಕಾಶದಲ್ಲಿ ಮೂರು ನಕ್ಷತ್ರಗಳು ಕಂಡಾಗ ಮುಗಿಯುತ್ತದೆ. ಮನೆಯ ಹೆಂಗಸರು ಸೂರ್ಯಾಸ್ತಕ್ಕೆ ಸುಮಾರು 18 ನಿಮಿಷ ಮೊದಲು ದೀಪ ಹಚ್ಚುವುದು ರೂಢಿ. ಪುಣೆಯಲ್ಲಿ ಜೂನ್ ತಿಂಗಳಲ್ಲಿ ಸೂರ್ಯ ಮುಳುಗುವುದು ಏಳು ದಾಟಿದ ಮೇಲೆ, ಡಿಸೆಂಬರ್ ಆರಂಭದಲ್ಲಿ ಆರರ ಸುಮಾರಿಗೆ. ಒಮ್ಮೆ ಹೋದ ವೇಳೆಯನ್ನೇ ನೆಚ್ಚಿಕೊಂಡು ಇನ್ನೊಂದು ಋತುವಿನಲ್ಲಿ ಹೋದರೆ ಪ್ರಾರ್ಥನೆ ಅರ್ಧ ಮುಗಿದಿರುತ್ತದೆ. ಆ ವಾರದ ಸಮಯವನ್ನು ಕೇಳಿ ತಿಳಿದು, ಕಾಲು ಗಂಟೆ ಮೊದಲೇ ತಲುಪಿರಿ.

ದೀಪ ಹಚ್ಚಿದ ಬಳಿಕ ಬೆಂಕಿ ಹೊತ್ತಿಸುವಂತಿಲ್ಲ, ವಿದ್ಯುತ್ ಗುಂಡಿ ಒತ್ತುವಂತಿಲ್ಲ, ಬರೆಯುವಂತಿಲ್ಲ, ಹಣ ಮುಟ್ಟುವಂತಿಲ್ಲ. ನಿಷಿದ್ಧ ಕೆಲಸಗಳನ್ನು ಅವರ ಶಾಸ್ತ್ರ 39 ಬಗೆಗಳಾಗಿ ವಿಂಗಡಿಸಿದೆ. ಅವು ಅತಿಥಿಯನ್ನು ಕಟ್ಟುವುದಿಲ್ಲವಾದರೂ ಅವರ ನಡುವೆ ಕುಳಿತು ಮೊಬೈಲ್ ತೆಗೆಯುವುದು, ಫೋಟೋ ಹಿಡಿಯುವುದು, ಪುಸ್ತಕದಲ್ಲಿ ಟಿಪ್ಪಣಿ ಬರೆಯುವುದು ತೀರಾ ಒರಟಾಗಿ ಕಾಣುತ್ತದೆ. ಫೋನನ್ನು ಕೋಣೆಯಲ್ಲೇ ಬಿಟ್ಟು ಬರುವುದು ಲೇಸು. ನಿಶ್ಶಬ್ದಕ್ಕೆ ಹಾಕಿದರೂ ಜೇಬಿನಲ್ಲಿ ಅದು ಗುಂಯ್‌ಗುಡುತ್ತಲೇ ಇರುತ್ತದೆ. ದೇಣಿಗೆ ಕೊಡಬೇಕೆನಿಸಿದರೆ ವಾರದ ಬೇರೆ ದಿನ ಕೊಡಿರಿ.

ಇಲ್ಲಿ ನನ್ನದೇ ತಪ್ಪೊಂದನ್ನು ಹೇಳಿಬಿಡುತ್ತೇನೆ. ನಮ್ಮವರು ಪರಊರಿಗೆ ಹೊರಟರೆ ಕೈಯಲ್ಲಿ ಧಾರವಾಡ ಪೇಢೆಯ ಡಬ್ಬಿ ಇರಲೇಬೇಕಲ್ಲವೇ? ಮೊದಲ ಸಲ ಶುಕ್ರವಾರ ಸಂಜೆ ನಾನೂ ಒಂದು ಕಿಲೋ ಪೇಢೆ ಹಿಡಿದುಕೊಂಡು ಹೋದೆ, ಅದೂ ದೀಪ ಹಚ್ಚಿದ ಮೇಲೆ. ಬಾಗಿಲಲ್ಲಿದ್ದ ಹಿರಿಯರು ನಗುತ್ತಲೇ ಡಬ್ಬಿಯನ್ನು ತೆಗೆದುಕೊಂಡು ಕಪಾಟಿನ ಮೇಲಿಟ್ಟರು. ಅದು ಅಲ್ಲಿಂದ ಕೆಳಗಿಳಿಯಲಿಲ್ಲ. ಊಟದಲ್ಲಿ ಕೋಳಿ ಇತ್ತು. ಮಾಂಸದೊಡನೆ ಹಾಲಿನ ಪದಾರ್ಥವನ್ನು ಅವರು ಸೇವಿಸುವುದಿಲ್ಲ, ಆ ಕಾರಣಕ್ಕೇ ಅವರ ಸಾರಿಗೆ ತೆಂಗಿನ ಹಾಲು ಬೀಳುತ್ತದೆ. ಖೋವಾದಲ್ಲೇ ಹುಟ್ಟಿದ ಪೇಢೆಗೆ ಆ ಪಂಕ್ತಿಯಲ್ಲಿ ಜಾಗ ಎಲ್ಲಿ? ಅದಲ್ಲದೆ ಹೊರಗಿನ ಅಡುಗೆ ತಮ್ಮ ಆಹಾರ ನಿಯಮಕ್ಕೆ ಒಪ್ಪುತ್ತದೆಂದು ಖಚಿತವಾಗದೆ ಸಿನಗಾಗಿನಲ್ಲಿ ಬಡಿಸುವುದಿಲ್ಲ. ಹಣ್ಣು ಒಯ್ಯಿರಿ, ಹೆಚ್ಚದೆ ಇಡಿಯಾಗಿಯೇ ಒಯ್ಯಿರಿ. ಶುಕ್ರವಾರ ಮಧ್ಯಾಹ್ನದೊಳಗೆ ಒಪ್ಪಿಸಿಬಿಡಿರಿ. ನಮ್ಮ ಭಾಗದ ಆಪೂಸು ಹಣ್ಣಿನ ಕಾಲವಾದರೆ ಅದಕ್ಕಿಂತ ಒಳ್ಳೆಯ ಉಡುಗೊರೆ ಬೇಕಿಲ್ಲ.

ಉಡುಪು ಸಾದಾ ಇದ್ದರೆ ಸಾಕು. ಗಂಡಸರು ತಲೆ ಮುಚ್ಚಿಕೊಳ್ಳಬೇಕು. ಕಿಪ್ಪಾ ಎಂಬ ಪುಟ್ಟ ಟೋಪಿಯನ್ನು ಬಾಗಿಲಲ್ಲೇ ಕೊಡುತ್ತಾರೆ. ಹಳ್ಳಿಯಿಂದ ಬಂದ ಅಜ್ಜನಿದ್ದರೆ ಅವನ ಗಾಂಧಿ ಟೋಪಿಯೋ ರುಮಾಲೋ ನಡೆದೀತು. ಹೆಂಗಸರು ಭುಜ, ಮೊಣಕಾಲು ಮುಚ್ಚುವ ಉಡುಪು ತೊಟ್ಟು, ಬೇಕೆನಿಸಿದರೆ ತಲೆಯ ಮೇಲೆ ಸೆರಗು ಹೊದೆಯಲಿ. ಸಾಂಪ್ರದಾಯಿಕ ಸಿನಗಾಗುಗಳಲ್ಲಿ ಗಂಡಸರೂ ಹೆಂಗಸರೂ ಬೇರೆ ಬೇರೆ ಕೂರುತ್ತಾರೆ, ಎಷ್ಟೋ ಕಡೆ ಹೆಂಗಸರಿಗೆ ಮೇಲಂತಸ್ತು. ಗಂಡ-ಹೆಂಡತಿ ಜೊತೆಗೇ ಹೋದವರು ಬಾಗಿಲಲ್ಲಿ ಅಗಲಬೇಕಾದೀತು. ಕೊಚ್ಚಿಯ ಪರದೇಸಿ ಸಿನಗಾಗಿನಲ್ಲಿ ಪಾದರಕ್ಷೆ ಬಿಟ್ಟು ಒಳಹೋಗುತ್ತಾರೆ, ಎಲ್ಲೆಡೆ ಹಾಗಿಲ್ಲ. ಎದುರಿಗಿದ್ದವರನ್ನು ನೋಡಿ ಹಾಗೆಯೇ ಮಾಡಿರಿ.

ಒಳಗೆ ಮೂರ್ತಿಯಿಲ್ಲ, ಮಂಗಳಾರತಿಯಿಲ್ಲ, ಪ್ರಸಾದವಿಲ್ಲ. ಗೋಡೆಗೆ ಸೇರಿದ ಹೇಖಾಲ್ ಎಂಬ ಪವಿತ್ರ ಕಪಾಟಿನಲ್ಲಿ ತೋರಾ ಎಂಬ ಧರ್ಮಗ್ರಂಥದ ಸುರುಳಿಗಳಿರುತ್ತವೆ, ಅದರ ಮುಂದೆ ಸದಾ ಉರಿಯುವ ದೀಪವಿರುತ್ತದೆ. ಪ್ರಾರ್ಥನೆ ಯೆರೂಸಲೇಮಿನ ಕಡೆಗೆ ಮುಖ ಮಾಡಿ ನಡೆಯುವುದರಿಂದ ನಮ್ಮ ದೇಶದ ಸಿನಗಾಗುಗಳಲ್ಲಿ ಆ ಕಪಾಟು ಪಡುವಣ ಗೋಡೆಯಲ್ಲಿರುವುದು ಪದ್ಧತಿ. ನಡುವೆ ತೇವಾ ಎಂಬ, ಕಟಾಂಜನವಿರುವ ಎತ್ತರದ ವೇದಿಕೆ. ಪ್ರಾರ್ಥನೆ ನಡೆಸುವ ಹಝಾನ್ ಅಲ್ಲಿ ನಿಲ್ಲುತ್ತಾರೆ. ಹಿಂದಿನ ಸಾಲಿನಲ್ಲಿ ಕುಳಿತು, ಎಲ್ಲರೂ ಎದ್ದಾಗ ಎದ್ದು, ಕೂತಾಗ ಕೂರಿರಿ. ಅಡ್ಡಬೀಳುವುದು, ಕೈಮುಗಿದು ಪ್ರದಕ್ಷಿಣೆ ಬರುವುದು ಬೇಡ. ನಮ್ಮ ಭಕ್ತಿಯನ್ನು ನಮ್ಮ ರೀತಿಯಲ್ಲಿ ಅಲ್ಲಿ ತೋರಿಸಬೇಕೆಂದು ಯಾರೂ ಕಾದಿರುವುದಿಲ್ಲ.

ಹತ್ತರ ಲೆಕ್ಕವನ್ನು ನಾನು ಕಣ್ಣಾರೆ ಕಂಡದ್ದು ಅದೇ ಶುಕ್ರವಾರ. ಹದಿಮೂರು ತುಂಬಿದ ಹತ್ತು ಮಂದಿ ಯೆಹೂದ್ಯ ಗಂಡಸರು ಸೇರಿದರೆ ಅದು ಮಿನ್ಯಾನ್. ಸುಧಾರಣಾವಾದಿ ಸಭೆಗಳು ಹೆಂಗಸರನ್ನೂ ಎಣಿಸುತ್ತವೆ, ಸಾಂಪ್ರದಾಯಿಕ ಸಭೆಗಳು ಎಣಿಸುವುದಿಲ್ಲ. ಒಬ್ಬೊಬ್ಬರೇ ಕುಳಿತು ಪ್ರಾರ್ಥಿಸಲು ಅಡ್ಡಿಯಿಲ್ಲ. ಆದರೆ ಹತ್ತು ತುಂಬದೆ ತೋರಾ ಸುರುಳಿಯ ವಿಧಿವತ್ ಪಠಣ ನಡೆಯದು, ತೀರಿಹೋದ ತಂದೆತಾಯಿಗಾಗಿ ಮಗ ಹನ್ನೊಂದು ತಿಂಗಳು ಹೇಳುವ ಕದ್ದೀಷ್ ಕೂಡ ನಡೆಯದು. ಆ ಸಂಜೆ ಎಂಟೇ ಜನ. ಅವರಲ್ಲೊಬ್ಬನಿಗೆ ತಾಯಿ ತೀರಿ ಇನ್ನೂ ವರ್ಷವಾಗಿರಲಿಲ್ಲ. ಅವನು ಕಿಟಕಿಯ ಹೊರಗಿನ ಬೆಳಕನ್ನೊಮ್ಮೆ, ಬಾಗಿಲನ್ನೊಮ್ಮೆ ನೋಡುತ್ತ ಕೂತಿದ್ದ. ನಾನು ಒಂಬತ್ತನೆಯವನಾಗಿ ಅಲ್ಲಿದ್ದರೂ ಲೆಕ್ಕದಲ್ಲಿರಲಿಲ್ಲ. ಬೆಳಕು ಕೆಂಪಾಗುವ ಹೊತ್ತಿಗೆ ಹೊರಗೆ ಸ್ಕೂಟರೊಂದು ನಿಂತ ಸದ್ದಾಯಿತು. ಅಪ್ಪ-ಮಗ ಇಬ್ಬರು ಒಳಬಂದರು. ಯಾರೂ ಏನೂ ಹೇಳಲಿಲ್ಲ, ಹಝಾನ್ ಪುಸ್ತಕ ತೆರೆದರು. 1948ರ ಬಳಿಕ ಇಸ್ರೇಲಿಗೆ ವಲಸೆ ಹೋದವರೇ ಹೆಚ್ಚಾಗಿ ಇಲ್ಲುಳಿದವರು ಕೆಲವೇ ಸಾವಿರವಾದ ಸಮುದಾಯದಲ್ಲಿ ಈ ಎಣಿಕೆ ಎಷ್ಟು ಭಾರದ್ದೆಂಬುದು ಅಂದು ತಿಳಿಯಿತು. ಬಾಗಿಲಲ್ಲಿ ನಿಮ್ಮನ್ನು ಕಂಡವರ ಮುಖದಲ್ಲಿ ಕ್ಷಣ ಆಸೆ ಮೂಡಿ ಮರೆಯಾದರೆ ತಪ್ಪು ತಿಳಿಯಬೇಡಿರಿ, ನೀವು ಹತ್ತನೆಯವರೇ ಎಂದು ಅವರು ನೋಡುತ್ತಿರುತ್ತಾರೆ. ನಿಮ್ಮನ್ನು ಕೇಳಿದರೆ ಯೆಹೂದ್ಯನಲ್ಲವೆಂದು ಸ್ಪಷ್ಟವಾಗಿ ಹೇಳಿರಿ, ಸಂಕೋಚಕ್ಕೆ ತಲೆಯಾಡಿಸಬೇಡಿರಿ.

ಶುಕ್ರವಾರದ ಪ್ರಾರ್ಥನೆ ಬಹುಪಾಲು ಹಾಡು. ಶಬ್ಬಾತನ್ನು ಮದುವಣಗಿತ್ತಿಯೆಂದು ಕರೆಯುವ ಗೀತೆಯ ಕೊನೆಯ ನುಡಿ ಬಂದಾಗ ಸಭೆಯೆಲ್ಲ ಎದ್ದು, ಹೇಖಾಲಿಗೆ ಬೆನ್ನಾಗಿ ಬಾಗಿಲ ಕಡೆ ತಿರುಗಿ ತಲೆಬಾಗುತ್ತದೆ. ಹೊಸ ಸೊಸೆ ಹೊಸ್ತಿಲ ಬಳಿ ನಿಂತಾಗ ಮನೆಮಂದಿಯೆಲ್ಲ ಅತ್ತ ತಿರುಗುವುದನ್ನು ಕಂಡವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಹಿಂದಿನ ಸಾಲಿನಲ್ಲಿರುವ ನೀವು ಆಗ ಇದ್ದಕ್ಕಿದ್ದಂತೆ ಮುಂದಿನ ಸಾಲಿನವರಾಗುತ್ತೀರಿ. ಗಾಬರಿಯಾಗದೆ ಎಲ್ಲರಂತೆ ತಿರುಗಿ ನಿಂತರಾಯಿತು. ಮುಗಿದ ಮೇಲೆ ಎಲ್ಲರೂ ಶಬ್ಬಾತ್ ಶಾಲೋಮ್ ಎಂದು ಹರಸಿಕೊಳ್ಳುತ್ತಾರೆ, ನೀವೂ ಹಾಗೆಯೇ ಉತ್ತರಿಸಿರಿ. ಬಳಿಕ ಕಿದ್ದೂಷ್: ಬಟ್ಟಲು ಹಿಡಿದು ಆಶೀರ್ವಚನ ಹೇಳಿ ಎಲ್ಲರಿಗೂ ಗುಟುಕು ಗುಟುಕು ಹಂಚುವ ವಿಧಿ. ಬೆನೆ ಇಸ್ರಾಯೇಲರಲ್ಲಿ ದ್ರಾಕ್ಷಾರಸದ ಬದಲು ಒಣ ಕಪ್ಪುದ್ರಾಕ್ಷಿಯನ್ನು ನೆನೆಸಿ ಹಿಂಡಿದ ಶರಬತ್ತು ಬಳಸುವುದುಂಟು, ಆದ್ದರಿಂದ ಕುಡಿತ ಒಲ್ಲದವರು ಹಿಂಜರಿಯಬೇಕಿಲ್ಲ. ಅನುಮಾನವಿದ್ದರೆ ಯಾವುದೆಂದು ಕೇಳಬಹುದು. ಎಲ್ಲರ ಕೈಗೆ ಬಂದು ಆಶೀರ್ವಚನ ಮುಗಿಯುವ ತನಕ ಕುಡಿಯಬೇಡಿರಿ.

ಶನಿವಾರ ಬೆಳಗಿನ ಸಭೆ ಎರಡು-ಮೂರು ಗಂಟೆ ನಡೆಯುತ್ತದೆ, ತಿಂಡಿ ತಿಂದು ಹೋಗಿರಿ. ಅದರ ತಿರುಳು ತೋರಾ ಪಠಣ. ಇಡೀ ಗ್ರಂಥವನ್ನು 54 ಭಾಗ ಮಾಡಿ, ಕಳೆದ ವಾರ ನಿಂತಲ್ಲಿಂದ ಈ ವಾರ ಮುಂದುವರಿಸಿ ವರ್ಷಕ್ಕೊಮ್ಮೆ ಮುಗಿಸುತ್ತಾರೆ. ಶ್ರಾವಣದಲ್ಲಿ ಮಠಗಳಲ್ಲಿ ಪುರಾಣ ಹಚ್ಚಿದ ಹಾಗೆ, ಆದರೆ ತಿಂಗಳಿಗೆ ಮುಗಿಯದೆ ವರ್ಷವಿಡೀ. ಸುರುಳಿಯನ್ನು ನಿಲ್ಲಿಸಿದ ಮರದ ಸಂಪುಟದಲ್ಲಿಟ್ಟು ಹೊರತರುವಾಗ ಅದರ ಬೆಳ್ಳಿಯ ಗೆಜ್ಜೆ ಸಣ್ಣಗೆ ನುಡಿಯುತ್ತದೆ, ಜನ ಎದ್ದು ನಿಂತು ಕೈ ಚಾಚಿ ಮುಟ್ಟಿ ಬೆರಳನ್ನು ತುಟಿಗೊತ್ತಿಕೊಳ್ಳುತ್ತಾರೆ. ನೀವು ಎದ್ದು ನಿಂತರೆ ಸಾಕು. ಚರ್ಮದ ಹಾಳೆಯ ಮೇಲೆ ಕೈಯಿಂದಲೇ ಬರೆದ ಅದರಲ್ಲಿ 3,04,805 ಅಕ್ಷರಗಳಿವೆ. ಸ್ವರಚಿಹ್ನೆಯಿಲ್ಲ, ರಾಗದ ಗುರುತೂ ಇಲ್ಲ. ಓದುವವರು ಎರಡನ್ನೂ ಬಾಯಿಪಾಠ ಮಾಡಿಕೊಂಡು ಬರಬೇಕು. ಅಕ್ಷರಕ್ಕೆ ಬೆರಳು ತಾಗದಂತೆ ಬೆಳ್ಳಿಯ ಕಡ್ಡಿಯಿಂದ ಸಾಲು ತೋರುತ್ತಾರೆ, ಉಚ್ಚಾರ ತಪ್ಪಿದರೆ ಸಭೆಯಿಂದಲೇ ತಿದ್ದುವ ದನಿ ಬರುತ್ತದೆ, ಓದುಗರು ಹಿಂದೆ ಹೋಗಿ ಸರಿಪಡಿಸುತ್ತಾರೆ. ಗಮಕ ಕೇಳಿ ಬೆಳೆದವರಿಗೆ, ಹೀಬ್ರೂ ಒಂದಕ್ಷರ ಬಾರದಿದ್ದರೂ, ಇಲ್ಲಿ ಬೇಸರ ಬರುವುದಿಲ್ಲವೆಂಬುದು ನನ್ನ ಅನುಭವ. ಏಳು ಮಂದಿಯನ್ನು ಒಬ್ಬೊಬ್ಬರಾಗಿ ತೇವಾದ ಮೇಲೆ ಕರೆಯುತ್ತಾರೆ. ಈ ಹೊತ್ತಿನಲ್ಲಿ ಒಳಗೆ-ಹೊರಗೆ ಓಡಾಡಬೇಡಿರಿ.

ವಾರದ ಉಳಿದ ದಿನಗಳಲ್ಲಿ ದಿನಕ್ಕೆ ಮೂರು ಪ್ರಾರ್ಥನೆಗಳುಂಟು. ಸೋಮವಾರ, ಗುರುವಾರ ಬೆಳಿಗ್ಗೆ ತೋರಾದ ಸಣ್ಣ ಭಾಗವನ್ನೂ ಓದುತ್ತಾರೆ. ಹಿಂದೆ ಹಳ್ಳಿಗರು ಪೇಟೆಗೆ ಬರುತ್ತಿದ್ದ ದಿನಗಳು ಅವು ಎನ್ನುತ್ತಾರೆ. ಸಂತೆಗೆ ಬಂದವರು ಹಾಗೆಯೇ ಮಠಕ್ಕೂ ಹೋಗಿಬರುವುದನ್ನು ಕಂಡ ನಮಗೆ ಇದು ಸಹಜವೇ. ಹರಕೆ ತೀರಿಸುವಾಗ, ಮದುವೆಗೆ ಮುನ್ನ ಬೆನೆ ಇಸ್ರಾಯೇಲರು ಪ್ರವಾದಿ ಎಲಿಯಾಹುವನ್ನು ನೆನೆದು ಮಲಿದಾ ಮಾಡುತ್ತಾರೆ. ಹೆಸರು ಕೇಳಿ ಮೊಹರಮ್ಮಿನ ಚೊಂಗೆ-ಮಲಿದಾ ನೆನಪಾಗುವುದು ಸಹಜ, ಆದರೆ ಇದು ನೆನೆಸಿದ ಅವಲಕ್ಕಿಗೆ ಕೊಬ್ಬರಿ, ಸಕ್ಕರೆ, ಏಲಕ್ಕಿ ಬೆರೆಸಿದ್ದು, ಸುತ್ತ ಹಣ್ಣು ಜೋಡಿಸಿದ್ದು. ಕರೆದರೆ ತಪ್ಪದೆ ಹೋಗಿರಿ.

ಶನಿವಾರ ರಾತ್ರಿ ಶಬ್ಬಾತನ್ನು ಬೀಳ್ಕೊಡುವ ಹವ್ದಾಲಾ ವಿಧಿಯನ್ನು ನೋಡದೆ ಊರಿಗೆ ಹೊರಡಬೇಡಿರಿ. ಹಲವು ಬತ್ತಿ ಹೆಣೆದ ಮೇಣದ ದೀಪ ಹಚ್ಚಿ, ಲವಂಗದಂಥ ಸುವಾಸನೆಯ ವಸ್ತುವನ್ನು ಕೈಯಿಂದ ಕೈಗೆ ದಾಟಿಸಿ ಮೂಸಿ, ಉಗುರಿನ ಮೇಲೆ ದೀಪದ ಬೆಳಕನ್ನು ನೋಡಿಕೊಂಡು, ಕೊನೆಗೆ ದೀಪವನ್ನು ಬಟ್ಟಲಿನ ರಸದಲ್ಲಿ ಚುಂಯ್ ಎನಿಸಿ ಆರಿಸುತ್ತಾರೆ. ಕೂಡಲೇ ಫೋನುಗಳು ಹೊರಬರುತ್ತವೆ, ಮಾತು ಜೋರಾಗುತ್ತದೆ, ಶಾವುವಾ ತೋವ್ ಎಂದು ಹೊಸ ವಾರಕ್ಕೆ ಹಾರೈಸುತ್ತಾರೆ. ಬೇಸಿಗೆಯಲ್ಲಿ ಇದು ಮುಗಿಯುವಾಗ ಎಂಟು ಹೊಡೆಯುವುದರಿಂದ ಹುಬ್ಬಳ್ಳಿಯ ಬಸ್ಸಿಗೆ ಒಂಬತ್ತೂವರೆಯ ನಂತರದ ಸೀಟನ್ನೇ ಹಿಡಿದಿರಿ. ಟಿಕೇಟು ಮಾತ್ರ ಶುಕ್ರವಾರ ಮಧ್ಯಾಹ್ನದೊಳಗೆ ತೆಗೆದಿಡಿರಿ.